ಸಮರನೌಕೆಗಳ ಚಿತ್ರರಚನೆಯಲ್ಲಿ ಪ್ರಮಾಣವಿಚಾರ

ಇತಿಹಾಸಪ್ರಸಿದ್ಧವಾದ ಸಮರನೌಕೆಯೊಂದರ ಯಥಾರ್ಥಚಿತ್ರವನ್ನು ಬರೆಯಹೊರಟವನು ನೌಕೆಯ ಹೆಸರಿನೊಡನೆ ಒಂದು ತಾರೀಖನ್ನೂ ನಿಶ್ಚಯಿಸಿಕೊಳ್ಳದೆ ಲೇಖನಿಯನ್ನೆತ್ತಲಾಗದು. ನೌಕೆಯ ಒಡಲು ಕಟ್ಟಿದಂದಿನಿಂದ ಒಡೆಯುವವರೆಗೆ ಬಹುಮಟ್ಟಿಗೆ ಒಂದೇ ರೂಪದಲ್ಲಿ ಉಳಿಯುವುದಾದರೂ, ಡೆಕ್ಕಿನ ಮೇಲಣ ಉಪಕರಣಗಳು ಒಂದೊಂದು ದುರಸ್ತಿಯಲ್ಲಿಯೂ ಸ್ಥಾನಪಲ್ಲಟವನ್ನೋ ರೂಪಾಂತರವನ್ನೋ ಲೋಪವನ್ನೋ ಹೊಂದುತ್ತಿರುತ್ತವೆ. ಅವುಗಳಲ್ಲಿಯೂ ಅತ್ಯಂತ ಚಂಚಲವಾದುದು ರೇಡಾರ್. ಬ್ರಿಟಿಷ್ ನೌಕಾಪಡೆಯಲ್ಲಿ ಮೊಟ್ಟಮೊದಲು ರೇಡಾರನ್ನು ಪಡೆದ ಷೆಫೀಲ್ಡ್ ಎಂಬ ಕ್ರೂಸರಿಗೆ 1938ರ ಆಗಸ್ಟಿನಲ್ಲಿ ಅಳವಡಿಸಿದ ಯಂತ್ರವು ಸುಮಾರು 7 ಮೀಟರ್ ತರಂಗಾಂತರದ್ದು; 1941ರ ಮಾರ್ಚಿಯಲ್ಲಿ ಆರ್ಕಿಸ್ ಎಂಬ ಪುಟ್ಟ ನೌಕೆಯು ಕಡಲಿಗೆ ಕೊಂಡೊಯ್ದ 271ನೆಯ ಮಾದರಿಯದು 10 ಸೆಂಟಿಮೀಟರಿನದು. ಮೂರು ವರ್ಷ ತುಂಬುವುದರೊಳಗೆ ತರಂಗಾಂತರವೇ ಎಪ್ಪತ್ತರಲ್ಲಿ ಒಂದು ಪಾಲಿಗೆ ಇಳಿಯಿತೆಂದ ಮೇಲೆ ಕೂವೆಯ ತುದಿಯ ಆಂಟೆನಾಗಳ ಆಕಾರವು ಎಷ್ಟು ಬೇಗ ಬದಲಾಗಿರಬೇಕೆಂಬುದನ್ನು ಹೇಳಬೇಕಾದುದಿಲ್ಲ. ಇಷ್ಟು ಶೀಘ್ರವಾಗಿ ಬದಲಾದ ಈ ಉಪಕರಣವೇ ನೌಕೆಯಲ್ಲಿದ್ದ ಪರಮಗೋಪ್ಯ ವಸ್ತುವೂ ಆಗಿದ್ದುದರಿಂದ, ಅದರ ಕುರುಹನ್ನು ಅಳಿಸುವ ಕಾರ್ಯವು ಬುದ್ಧಿಪೂರ್ವಕವಾಗಿಯೇ ನಡೆಯಿತು.

ಒಂದು ಆಂಟೆನಾ ಹೆಚ್ಚಾದರೇನು, ಕಡಿಮೆಯಾದರೇನು ಎಂದು ಕೇಳುವವರುಂಟು. 1939ರ ಡಿಸೆಂಬರ್ 13ರಂದು ದಕ್ಷಿಣ ಅಟ್ಲಾಂಟಿಕಿನಲ್ಲಿ, ಪ್ಲೇಟ್ ನದೀಮುಖದ ಹೊರಗೆ, ಜರ್ಮನಿಯ ಗ್ರಾಫ್ ಸ್ಪೀ ನೌಕೆಯೊಡನೆ ಎಕ್ಸೆಟರ್, ಅಜಾಕ್ಸ್, ಅಕಿಲೀಸ್ ಎಂಬ ಮೂರು ಕ್ರೂಸರುಗಳು ಹೋರಾಡಿದಾಗ ರೇಡಾರ್ ಇದ್ದುದು ಜರ್ಮನ್ ನೌಕೆಯೊಂದರಲ್ಲಿಯೇ; ಮೂರು ಕ್ರೂಸರುಗಳೂ ಕಣ್ಣನ್ನೂ ದೂರದರ್ಶಕವನ್ನೂ ನಂಬಿ ಕಾದಿದವು. ಆ ದಿನದ ಅಕಿಲೀಸಿನ ಕೂವೆಯ ಮೇಲೆ ಚಿತ್ರಕಾರನೊಬ್ಬನು ಆಂಟೆನಾವನ್ನು ಬರೆದನೆಂದರೆ, ಅವನು ಯುದ್ಧದ ಚರಿತ್ರೆಯನ್ನೇ ತಪ್ಪಾಗಿ ಬರೆದಂತಾಗುತ್ತದೆ.

ಗ್ರಾಫ್ ಸ್ಪೀ ನೌಕೆಯ ವೃತ್ತಾಂತವನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳುವುದು ಯುಕ್ತ. ಯುದ್ಧದಲ್ಲಿ ಗಾಯಗೊಂಡು ಮಾಂಟೆವಿಡಿಯೋ ಬಂದರನ್ನು ಹೊಕ್ಕ ಆ ನೌಕೆಯನ್ನು ಅದರ ಕಪ್ತಾನ ಲಾಂಗ್ಸ್‌ಡೋರ್ಫನು ಡಿಸೆಂಬರ್ 17ರ ಸಂಜೆ ಬಂದರಿನ ಹೊರಗೆ ತಾನಾಗಿಯೇ ಸಿಡಿಸಿ ಮುಳುಗಿಸಿದನು. ಆದರೆ ಅಲ್ಲಿಯ ನೀರು ಆಳವಿಲ್ಲದ್ದಾದುದರಿಂದ ಒಡಲು ಕೆಸರಿನಲ್ಲಿ ಕುಳಿತು, ಮೇಲುಕಟ್ಟಡವು ನೀರಿನ ಮೇಲೆಯೇ ನಿಂತಿತು. ಮುಂಗೋಪುರದ ನೆತ್ತಿಯಲ್ಲಿದ್ದ ದೂರಮಾಪಕದ ಮುಂಭಾಗದಲ್ಲಿ ಸಾಲುಸಾಲಾದ ಕಡ್ಡಿಗಳ ಚೌಕಟ್ಟೊಂದು ಕಾಣುತ್ತಿದ್ದಿತು. ಇಂಗ್ಲೆಂಡಿನಿಂದ ಕಳುಹಿಸಲ್ಪಟ್ಟ ಬೇನ್‌ಬ್ರಿಜ್-ಬೆಲ್ ಎಂಬ ತಜ್ಞನು—1935ರಲ್ಲಿ ಆರ್ಫರ್ಡ್‌ನೆಸ್ಸಿನಲ್ಲಿ ಬ್ರಿಟಿಷ್ ರೇಡಾರಿನ ಮೊದಲ ಪ್ರಯೋಗಗಳನ್ನು ನಡೆಸಿದ ತಂಡಕ್ಕೆ ಸೇರಿದವನೇ ಆತ—ಆ ಸುಟ್ಟ ಗೋಪುರವನ್ನೇರಿ, ಚೌಕಟ್ಟನ್ನು ಪರೀಕ್ಷಿಸಿ, ಅದು ರೇಡಾರಿನದೆಂದೂ ಫಿರಂಗಿಗಳ ಗುರಿಯ ದೂರವನ್ನು ಅಳೆಯುವುದಕ್ಕಾಗಿ ಇಟ್ಟುದೆಂದೂ ನಿರ್ಣಯಿಸಿದನು. ಗೇಮಾ ಎಂಬ ಸಂಸ್ಥೆಯು ನಿರ್ಮಿಸಿದ ಸೀಟಾಕ್ಟ್ ಯಂತ್ರವೇ ಅದು. ಜರ್ಮನರಲ್ಲಿ ರೇಡಾರಿಲ್ಲವೆಂಬ ಭಾವನೆ ಬಲವಾಗಿದ್ದ ಆ ಕಾಲದಲ್ಲಿ ಆತನ ವರದಿಗೆ ಸಲ್ಲಬೇಕಾದಷ್ಟು ಗಮನ ಸಲ್ಲಲಿಲ್ಲ.

ನಮ್ಮ ಪ್ರಸ್ತುತವಿಷಯಕ್ಕೆ ಇದರಿಂದ ದೊರೆಯುವ ಪಾಠ ಬೇರೊಂದು. ಆ ನೌಕೆಯು ಮುಳುಗುವುದಕ್ಕೆ ಮುಂಚೆ ಅದರ ಛಾಯಾಚಿತ್ರಗಳು ಜಗತ್ತಿನಲ್ಲಿ ಇರಲಿಲ್ಲವೆಂದಲ್ಲ. ಆದರೆ ಬಂದರಿನಲ್ಲಿರುವಾಗ ಆಂಟೆನಾಕ್ಕೆ ಕ್ಯಾನ್ವಾಸ್ ಹೊದಿಸಿಡುತ್ತಿದ್ದರು. ಯುದ್ಧಕಾಲದಲ್ಲಂತೂ ಪತ್ರಿಕೆಗಳಿಗೆ ಕೊಡುವ ಚಿತ್ರಗಳಲ್ಲಿ ಸೆನ್ಸಾರಿನವರು ಆಂಟೆನಾಗಳನ್ನು ಬಣ್ಣದಿಂದ ತೊಡೆದುಹಾಕುತ್ತಿದ್ದುದು ಹಲವು ದೇಶಗಳಲ್ಲಿ ಇದ್ದ ಪದ್ಧತಿ. ಇಂತಿರಲು ಚಿತ್ರದಲ್ಲಿ ಕಾಣಲಿಲ್ಲವೆಂಬ ಮಾತ್ರಕ್ಕೆ ನೌಕೆಯಲ್ಲಿ ಇರಲಿಲ್ಲವೆಂದು ಹೇಳಬಹುದೇ? ಭಾಟ್ಟ ಮೀಮಾಂಸಕರು ಅನುಪಲಬ್ಧಿಯನ್ನು ಒಂದು ಸ್ವತಂತ್ರ ಪ್ರಮಾಣವೆಂದು ಅಂಗೀಕರಿಸಿದರೂ, ಅದಕ್ಕೆ ಯೋಗ್ಯತೆಯ ಕಟ್ಟುಪಾಡೊಂದನ್ನು ವಿಧಿಸಿದ್ದಾರೆ: ವಸ್ತುವು ಇದ್ದಿದ್ದರೆ ಕಾಣಲೇಬೇಕಾಗಿತ್ತೆಂಬ ಸಂದರ್ಭದಲ್ಲಿ ಮಾತ್ರ ಕಾಣದಿರುವಿಕೆಯು ಇಲ್ಲದಿರುವಿಕೆಯನ್ನು ಸಾಧಿಸಬಲ್ಲುದು. ನೌಕಾಚಿತ್ರಕಾರನಿಗೆ ಇದಕ್ಕಿಂತ ಉಪಯುಕ್ತವಾದ ಸೂತ್ರವು ಪಾಶ್ಚಾತ್ಯ ಕೈಪಿಡಿಗಳಲ್ಲಿ ನನಗೆ ದೊರೆತಿಲ್ಲ. ಹೊದಿಕೆಯ ಉಬ್ಬು ಕಾಣುವ ಚಿತ್ರವೂ, ಕೂವೆಯ ತುದಿಯ ಸುತ್ತ ಆಕಾಶದ ಬಣ್ಣವು ಅನುಮಾನಾಸ್ಪದವಾಗಿ ನುಣುಪಾಗಿರುವ ಚಿತ್ರವೂ ಈ ಯೋಗ್ಯತೆಯನ್ನು ಕಳೆದುಕೊಂಡವು. ಸೆನ್ಸಾರಿನ ಕೈಸೇರದ ಮೂಲಪ್ರತಿಯೋ, ನಾವಿಕನೊಬ್ಬನು ತನ್ನ ಪೆಟ್ಟಿಗೆಯಲ್ಲಿ ಉಳಿಸಿಕೊಂಡ ಖಾಸಗಿ ಚಿತ್ರವೋ ಮಾತ್ರ ಅಭಾವಕ್ಕೆ ಸಾಕ್ಷಿಯಾಗಬಲ್ಲುದು.

ಅನುಮಾನಪ್ರಮಾಣಕ್ಕೂ ಈ ಕ್ಷೇತ್ರದಲ್ಲಿ ಒಳ್ಳೆಯ ಅವಕಾಶವಿದೆ. ದ್ವಿಧ್ರುವ ಆಂಟೆನಾದ ಕಡ್ಡಿಯ ಉದ್ದವು ಸ್ಥೂಲವಾಗಿ ತರಂಗಾಂತರದ ಅರ್ಧವಾಗಿರುವುದರಿಂದ, ಕಡ್ಡಿಯನ್ನು ಅಳೆದವನು ತರಂಗಾಂತರವನ್ನು ತಿಳಿಯಬಹುದು. ಪ್ಲೇಟ್ ನದಿಯಲ್ಲಿ ಮುಳುಗಿದ ನೌಕೆಯನ್ನೇರಿದ ತಜ್ಞನಿಗೆ ಈ ಮಾರ್ಗವು ತೆರೆದಿದ್ದಿತು. ಚಿತ್ರಕಾರನು ಅದೇ ದಾರಿಯಲ್ಲಿ ಹಿಮ್ಮುಖವಾಗಿ ನಡೆಯುತ್ತಾನೆ: ಯಂತ್ರದ ಮಾದರಿಯ ಸಂಖ್ಯೆಯೂ ಅದರ ತರಂಗಾಂತರವೂ ದಾಖಲೆಯಲ್ಲಿ ಸಿಕ್ಕಿದರೆ, ಮಸುಕಾದ ಛಾಯಾಚಿತ್ರದಲ್ಲಿ ಅಳೆಯಲಾಗದ ಕಡ್ಡಿಯ ಉದ್ದವನ್ನು ಲೆಕ್ಕದಿಂದ ಪಡೆಯುತ್ತಾನೆ. ಬ್ರಿಟಿಷರ 279ನೆಯ ಮಾದರಿಗೆ 7 ಮೀಟರ್ ತರಂಗವಾದುದರಿಂದ ಕಡ್ಡಿಯು ಸುಮಾರು ಮೂರೂವರೆ ಮೀಟರ್. 281ನೆಯದಕ್ಕೆ ಅದರ ಅರ್ಧ. ಫಿರಂಗಿಗಳ ನಿರ್ದೇಶಕಯಂತ್ರದ ಮೇಲಿರುತ್ತಿದ್ದ 284 ಮತ್ತು 285ನೆಯ ಮಾದರಿಗಳು 50 ಸೆಂಟಿಮೀಟರಿನವಾದುದರಿಂದ ಕಡ್ಡಿಯು ಒಂದು ಗೇಣಿಗಿಂತ ಸ್ವಲ್ಪ ಉದ್ದವಾದೀತು. ಮೀನಿನ ಮುಳ್ಳಿನಂತೆ ಸಾಲಾಗಿ ಮುಂಚಾಚಿದ 285ನೆಯ ಮಾದರಿಯ ಆಂಟೆನಾಗಳನ್ನು ಒಂದು ಗಜದ ಅಗಲಕ್ಕೆ ಬರೆದಿರುವ ಚಿತ್ರಗಳನ್ನು ಕಂಡಾಗ, ಬರೆದವನು ಭೌತಶಾಸ್ತ್ರದ ಕಡೆಗೆ ತಿರುಗಿಯೂ ನೋಡಲಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಸಂಖ್ಯೆಗೆ ಅಂಟಿಕೊಂಡ ಒಂದಕ್ಷರವೂ ಉಪೇಕ್ಷಣೀಯವಲ್ಲ. 279ನೆಯದಕ್ಕೆ ಕಳುಹಿಸುವುದೊಂದು, ಗ್ರಹಿಸುವುದೊಂದು ಎಂದು ಎರಡು ಕೂವೆಗಳ ಮೇಲೆ ಎರಡು ಆಂಟೆನಾಗಳುಂಟು. 279 ಎಂ ಎಂಬುದಕ್ಕೆ ಒಂದೇ. 1941ರ ಮೇ 24ರಂದು ಮುಳುಗಿದ ಹುಡ್ ನೌಕೆಯಲ್ಲಿದ್ದುದು ಈ ಎರಡನೆಯದು.

ಇನ್ನು ಅಕಿಲೀಸಿನ ಮಾತಿಗೆ ಬರೋಣ. ಬರ್ಕನ್‌ಹೆಡ್ಡಿನ ಕ್ಯಾಮೆಲ್ ಲೇರ್ಡ್ ಹಡಗುಕಟ್ಟೆಯಲ್ಲಿ ನಿರ್ಮಾಣವಾಗಿ 1932ರಲ್ಲಿ ನೀರಿಗಿಳಿದ ಈ ಕ್ರೂಸರು 1948ರಲ್ಲಿ ಭಾರತಕ್ಕೆ ಬಂದು ಡೆಲ್ಲಿ ಎಂಬ ಹೆಸರನ್ನು ಪಡೆಯಿತು. ಪ್ಲೇಟ್ ನದಿಯ ಯುದ್ಧವನ್ನು ಕುರಿತು 1956ರಲ್ಲಿ ತೆರೆಕಂಡ ಬ್ರಿಟಿಷ್ ಚಲನಚಿತ್ರದಲ್ಲಿ ಅದು ತನ್ನ ಪೂರ್ವಾಶ್ರಮದ ಪಾತ್ರವನ್ನು ತಾನೇ ವಹಿಸಿತು. ಇದಕ್ಕಿಂತ ಪ್ರಬಲವಾದ ಪ್ರತ್ಯಕ್ಷಪ್ರಮಾಣವುಂಟೇ ಎಂದು ನಂಬಿ ಆ ಚಿತ್ರದಿಂದ ರೇಖೆಗಳನ್ನು ಎತ್ತಿಕೊಂಡವರಿದ್ದಾರೆ. ಆದರೆ 1943ರ ಜನವರಿಯಲ್ಲಿ ಗ್ವಾಡಲ್‌ಕನಾಲ್ ಸಮೀಪದಲ್ಲಿ ಬಿದ್ದ ಬಾಂಬಿನಿಂದ ಅದರ ಹಿಂಭಾಗದ ಎರಡು ಫಿರಂಗಿಗೋಪುರಗಳಲ್ಲಿ ಒಂದು ಹಾಳಾಗಿ, ಪೋರ್ಟ್ಸ್‌ಮತ್ತಿನ ದುರಸ್ತಿಯ ಅನಂತರ ಆ ಜಾಗದಲ್ಲಿ ವಿಮಾನವಿರೋಧಿ ಫಿರಂಗಿಗಳು ಬಂದಿದ್ದವು. ಒಂಟಿಗಂಬದ ಕೂವೆಗಳು ಹೋಗಿ, ರೇಡಾರಿನ ಭಾರವನ್ನು ಹೊರಬಲ್ಲ ಮುಕ್ಕಾಲಿ ಕೂವೆಗಳು ನಿಂತಿದ್ದವು. ಆದ್ದರಿಂದ 1939ರ ಅಕಿಲೀಸಿಗೆ 1955ರ ಡೆಲ್ಲಿಯು ಸಾಕ್ಷಿಯಾಗಲಾರದು. ನೌಕೆ ಅದೇ ಆದರೂ ಸಾಕ್ಷ್ಯವು ಬೇರೆ ಕಾಲದ್ದು. ಅದೇ ಚಲನಚಿತ್ರದಲ್ಲಿ ರೇಡಾರಿಲ್ಲದಿದ್ದ ಅಜಾಕ್ಸಿನ ವೇಷ ಧರಿಸಿದುದು, ಬ್ರಿಟಿಷ್ ನೌಕಾಪಡೆಗೆ ರೇಡಾರಿನ ಪ್ರವೇಶವನ್ನು ಮಾಡಿಸಿದ ಆ ಷೆಫೀಲ್ಡ್ ನೌಕೆಯೇ ಎಂಬುದು ವಿನೋದದ ಸಂಗತಿ. ಲಂಡನ್ನಿನಲ್ಲಿ ಥೇಮ್ಸ್ ನದಿಯ ಮೇಲೆ ವಸ್ತುಸಂಗ್ರಹಾಲಯವಾಗಿರುವ ಬೆಲ್‌ಫಾಸ್ಟ್ ನೌಕೆಯ ವಿಷಯದಲ್ಲಿಯೂ ಇದೇ ಎಚ್ಚರ ಅಗತ್ಯ. ಈಗ ಕಾಣುವ ಜಾಲರಿಕೂವೆಗಳು 1956–59ರ ಪುನಾರಚನೆಯವು, 1943ರ ಡಿಸೆಂಬರ್ 26ರಂದು ಷಾರ್ನ್‌ಹೋರ್ಸ್ಟ್ ನೌಕೆಯನ್ನು ಬೆನ್ನಟ್ಟಿದಾಗಿನವಲ್ಲ.

ಹಾಗಾದರೆ ಹಡಗುಕಟ್ಟೆಯ ನಕ್ಷೆಗಳೇ ಗತಿಯೆನ್ನಬಹುದು. ಗ್ರೀನಿಚ್ಚಿನ ರಾಷ್ಟ್ರೀಯ ನೌಕಾ ಸಂಗ್ರಹಾಲಯದಲ್ಲಿರುವ, ನೌಕೆಯು ಪೂರ್ಣಗೊಂಡ ಸ್ಥಿತಿಯನ್ನು ತೋರಿಸುವ ನಕ್ಷೆಗಳಲ್ಲಿ ಮುಂದಿನ ಬದಲಾವಣೆಗಳನ್ನು ಬೇರೆ ಬಣ್ಣದ ಶಾಯಿಯಲ್ಲಿ ಗುರುತಿಸಿರುವುದುಂಟು, ಅವು ಅಮೂಲ್ಯವಾದವು. ಆದರೂ ನಕ್ಷೆಯು ಆಡಳಿತದ ಸಂಕಲ್ಪವನ್ನು ಹೇಳುವುದೇ ಹೊರತು, ಯುದ್ಧದ ಅವಸರದಲ್ಲಿ ಯಾವ ಬಂದರಿನ ಯಾವ ಕೆಲಸಗಾರನು ಆಧಾರಪಟ್ಟಿಯನ್ನು ಒಂದು ಅಡಿ ಈಚೆಗೆ ಬೆಸೆದನೆಂಬುದನ್ನು ಹೇಳಲಾರದು. ಮುದ್ರಿತ ಪುಸ್ತಕಗಳ ಚಿತ್ರಗಳಿಗಂತೂ ಗ್ರಂಥಸಂಪಾದಕನು ಓಲೆಪ್ರತಿಗಳಿಗೆ ಅನ್ವಯಿಸುವ ನ್ಯಾಯವನ್ನೇ ಅನ್ವಯಿಸತಕ್ಕದ್ದು: ಹತ್ತು ಚಿತ್ರಗಳಲ್ಲಿ ಒಂದೇ ತಪ್ಪು ಇದ್ದರೆ, ಆ ಹತ್ತೂ ಒಂದೇ ಮಾತೃಕೆಯ ಸಂತಾನವೆಂದು ತಿಳಿದು, ಹತ್ತಕ್ಕೂ ಸೇರಿಸಿ ಒಂದೇ ಸಾಕ್ಷಿಯ ಬೆಲೆಯನ್ನು ಕೊಡಬೇಕು.

ಕನ್ನಡಿಗ ಚಿತ್ರಕಾರನಿಗೆ ಸಹಜವಾಗಿಯೇ ಆಕರ್ಷಕವಾಗುವ ನೌಕೆಯೆಂದರೆ ನಮ್ಮ ನೌಕಾಪಡೆಯ ಮೈಸೂರು. ಹಿಂದೆ ನೈಜೀರಿಯಾ ಎಂಬ ಹೆಸರಿನ ಬ್ರಿಟಿಷ್ ಕ್ರೂಸರಾಗಿದ್ದ ಅದನ್ನು ಭಾರತವು 1954ರಲ್ಲಿ ಕೊಂಡು, ಅಕಿಲೀಸು ಹುಟ್ಟಿದ ಬರ್ಕನ್‌ಹೆಡ್ಡಿನ ಕಟ್ಟೆಯಲ್ಲಿಯೇ ನವೀಕರಿಸಿ, 1957ರ ಆಗಸ್ಟ್ 29ರಂದು ಸೇವೆಗೆ ಸೇರಿಸಿಕೊಂಡಿತು. 1940ರಲ್ಲಿ ಅದಕ್ಕೆ ನಾಲ್ಕು ಗೋಪುರಗಳಲ್ಲಿ 6 ಅಂಗುಲದ ಹನ್ನೆರಡು ಫಿರಂಗಿಗಳಿದ್ದವು. ಮೈಸೂರಿಗೆ ಮೂರು ಗೋಪುರಗಳಲ್ಲಿ ಒಂಬತ್ತು. ನಡುವೆ 1942ರ ಆಗಸ್ಟ್ 12ರಂದು ಮೆಡಿಟರೇನಿಯನ್ನಿನಲ್ಲಿ ಇಟಲಿಯ ಆಕ್ಸುಂ ಎಂಬ ಜಲಾಂತರ್ಗಾಮಿಯ ಟಾರ್ಪಿಡೋದಿಂದ ಗಾಯಗೊಂಡು, ಅಮೆರಿಕದಲ್ಲಿ ದೀರ್ಘಕಾಲ ದುರಸ್ತಿ ಪಡೆದ ಪ್ರಕರಣವೊಂದುಂಟು. ಆದಕಾರಣ ಈ ಒಂದು ನೌಕೆಗೆ ಕನಿಷ್ಠಪಕ್ಷ ಮೂರು ಹಾಳೆಗಳು ಬೇಕು: ಸೇವೆಗೆ ಸೇರಿದ 1940ರ ಸೆಪ್ಟೆಂಬರಿನದೊಂದು, ಅಮೆರಿಕದಿಂದ ಹಿಂದಿರುಗಿದಾಗಿನದೊಂದು, ಮೈಸೂರಾಗಿ ಭಾರತದ ಧ್ವಜವನ್ನೇರಿಸಿದ ದಿನದ್ದೊಂದು, ಮತ್ತು ಒಂದು ಹಾಳೆಗೆ ಕಲೆಹಾಕಿದ ಸಾಕ್ಷ್ಯವನ್ನು ಸ್ವತಂತ್ರವಾದ ಆಧಾರವಿಲ್ಲದೆ ಮತ್ತೊಂದಕ್ಕೆ ಒಯ್ಯಕೂಡದು.