‘ನಮಸ್’, ‘ಶುಭ’ ಮತ್ತು ಬಹುವಚನದ ‘ಳು’: ವಾಯೇಜರ್ ಧ್ವನಿಮುದ್ರಿಕೆಯ ಕನ್ನಡ ವಾಕ್ಯವನ್ನು ಅನ್ಯರ ಕಿವಿಯಿಂದ ಓದುವ ಪ್ರಯತ್ನ

1977ರ ಆಗಸ್ಟ್ 20ರಂದು ವಾಯೇಜರ್ 2 ಮತ್ತು ಸೆಪ್ಟೆಂಬರ್ 5ರಂದು ವಾಯೇಜರ್ 1 ಭೂಮಿಯನ್ನು ಬಿಟ್ಟಾಗ, ಎರಡೂ ನೌಕೆಗಳ ಮೈಗೆ ಹನ್ನೆರಡು ಅಂಗುಲದ, ಚಿನ್ನದ ಲೇಪನವಿರುವ ತಾಮ್ರದ ಧ್ವನಿಮುದ್ರಿಕೆಯೊಂದನ್ನು ಜೋಡಿಸಲಾಗಿತ್ತು. ಅದರಲ್ಲಿರುವ 55 ಭಾಷೆಗಳ ಶುಭಾಶಯಗಳಲ್ಲಿ ಕನ್ನಡದ್ದೂ ಒಂದು. ಕನ್ನಡದಲ್ಲಿ ಈ ಸಂಗತಿಯ ಪ್ರಸ್ತಾಪ ಬಂದಾಗಲೆಲ್ಲ ಅದು ಸಾಮಾನ್ಯವಾಗಿ ಹೆಮ್ಮೆಯ ಮಾತಾಗಿ ಮುಗಿಯುತ್ತದೆ; ಕೇಳುವವರ ಪಾಲಿಗೆ ಆ ವಾಕ್ಯ ಏನಾದೀತು ಎಂಬ ಪ್ರಶ್ನೆ ಹಿಂದೆ ಉಳಿಯುತ್ತದೆ. ಮುದ್ರಿಕೆ ಯಾರ ಕೈಗಾದರೂ ಸಿಕ್ಕಿದ್ದೇ ಆದರೆ, ಅವರ ದೃಷ್ಟಿಯಲ್ಲಿ ಬಾಹ್ಯಾಕಾಶದಲ್ಲಿ ಸಂಚರಿಸುವ ನಿಗೂಢ ನಾಗರಿಕತೆ ನಮ್ಮದೇ, ಬಿಡಿಸಬೇಕಾದ ಒಗಟು ನಮ್ಮ ಮಾತೇ. ಪ್ರಸ್ತುತ ಲೇಖನ ಆ ದಿಕ್ಕಿನಿಂದ ‘ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು’ ಎಂಬ ಕನ್ನಡ ವಾಕ್ಯವನ್ನು ಪರಿಶೀಲಿಸುತ್ತದೆ.

ಅನ್ಯಲೋಕದ ಸಂವಹನ ಕುರಿತ ಬರವಣಿಗೆಯಲ್ಲಿ ಒಂದು ಒಮ್ಮತ ಬಹುಮಟ್ಟಿಗೆ ನೆಲೆಯೂರಿದೆ. ಡಚ್ ಗಣಿತಜ್ಞ ಹಾನ್ಸ್ ಫ್ರಾಯ್ಡೆಂಥಾಲ್ 1960ರಲ್ಲಿ ಪ್ರಕಟಿಸಿದ ‘ಲಿಂಕೋಸ್’ ಎಂಬ ಕೃತಕ ಭಾಷೆ ಸಂಖ್ಯೆಗಳಿಂದ ಆರಂಭವಾಗಿ ಹಂತಹಂತವಾಗಿ ಮೇಲೇರುತ್ತದೆ. ವಸ್ತುವನ್ನು ಬೊಟ್ಟುಮಾಡಿ ತೋರಿಸಲಾಗದ ದೂರದಲ್ಲಿ ಆಡುಮಾತು ತನ್ನನ್ನು ತಾನೇ ವಿವರಿಸಿಕೊಳ್ಳಲಾರದು ಎಂಬುದು ಅದರ ಹಿಂದಿನ ತರ್ಕ. 1974ರಲ್ಲಿ ಆರೆಸಿಬೋ ದೂರದರ್ಶಕದಿಂದ ಕಳುಹಿಸಿದ ಸಂದೇಶದಲ್ಲಿ 1679 ಬಿಟ್‌ಗಳಿದ್ದುದೂ ಇದೇ ನಂಬಿಕೆಯಿಂದ: 23 ಮತ್ತು 73 ಎಂಬ ಎರಡು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವಾದ ಅದನ್ನು ಸಾಲು ಕಂಬಗಳಾಗಿ ಜೋಡಿಸಿದರೆ ಚಿತ್ರ ಮೂಡುತ್ತದೆ. ವಾಯೇಜರ್ ಮುದ್ರಿಕೆಯ ಹೊದಿಕೆಯ ಮೇಲೂ ಜಲಜನಕ ಪರಮಾಣುವಿನ ರೇಖಾಚಿತ್ರ ಮತ್ತು 14 ಪಲ್ಸಾರ್‌ಗಳ ನಕ್ಷೆ ಇವೆ. ಗಣಿತ ಓದಿಸಿಕೊಳ್ಳುತ್ತದೆ, ಮಾತು ಓದಿಸಿಕೊಳ್ಳುವುದಿಲ್ಲ ಎಂಬುದು ಈ ಒಮ್ಮತದ ಸಾರ.

ಕನ್ನಡದ ಸಂಶೋಧನಾ ಪರಂಪರೆಗೆ ಈ ಎಚ್ಚರಿಕೆ ಹೊಸದಲ್ಲ. ಆಕ್ಸಿರಿಂಕಸ್‌ನ 413ನೆಯ ಪಪೈರಸ್‌ನಲ್ಲಿರುವ ಗ್ರೀಕ್ ಪ್ರಹಸನದ ಅಪರಿಚಿತ ಮಾತುಗಳು ಕನ್ನಡವೆಂದು ಇ. ಹುಲ್ಷ್ 1904ರಲ್ಲಿ ವಾದಿಸಿದರು, ಆರ್. ಶಾಮಶಾಸ್ತ್ರಿಗಳು ಆ ಓದನ್ನು ಮುಂದುವರಿಸಿದರು, ಎಲ್. ಡಿ. ಬಾರ್ನೆಟ್ 1926ರಲ್ಲಿ ಅದನ್ನು ಒಪ್ಪದೆ ಹೋದರು. ಕನ್ನಡ ಜೀವಂತವಾಗಿದ್ದೂ, ಕಥೆಯ ಸನ್ನಿವೇಶ ಗೊತ್ತಿದ್ದೂ, ಪರಕೀಯ ಕಿವಿಯೊಂದು ಕೇಳಿ ಬರೆದಿಟ್ಟ ಕೆಲವು ಸಾಲುಗಳು ನಿರ್ವಿವಾದವಾಗಿ ಬಿಡಿಸಿಕೊಂಡಿಲ್ಲವೆಂದಾದರೆ, ಯಾವ ಸನ್ನಿವೇಶವೂ ಇಲ್ಲದ ನಾಲ್ಕು ಪದಗಳಿಂದ ಏನನ್ನು ನಿರೀಕ್ಷಿಸಬಹುದು?

ಫ್ರಾಯ್ಡೆಂಥಾಲ್‌ರ ಅಭಿಪ್ರಾಯ ಅರ್ಥದ ಮಟ್ಟಿಗೆ ಸರಿ ಎಂದು ಇಲ್ಲಿ ಒಪ್ಪಲಾಗಿದೆ. ಆದರೆ ಅರ್ಥ ತಿಳಿಯದಿದ್ದರೆ ಏನೂ ತಿಳಿಯದು ಎಂಬ ಅದರ ಮುಂದುವರಿಕೆಯನ್ನು ಒಪ್ಪಲಾಗದು. ಕ್ರೀಟ್ ದ್ವೀಪದ ಲೀನಿಯರ್ ಬಿ ಲಿಪಿಯ ಒಂದು ಅಕ್ಷರದ ಉಚ್ಚಾರವೂ ಗೊತ್ತಿಲ್ಲದ ಕಾಲದಲ್ಲಿ ಆಲಿಸ್ ಕೋಬರ್, ಒಂದೇ ಮೊದಲು ಮತ್ತು ಬೇರೆ ಬೇರೆ ಕೊನೆಗಳಿರುವ ಪದಗುಂಪುಗಳನ್ನು ಹೆಕ್ಕಿ, ಆ ಭಾಷೆಗೆ ವಿಭಕ್ತಿಯಂಥ ಪ್ರತ್ಯಯಗಳಿವೆಯೆಂದು ತೋರಿಸಿದ್ದರು. 1952ರಲ್ಲಿ ಮೈಕೇಲ್ ವೆಂಟ್ರಿಸ್ ಕೆಲವು ಪದಗಳು ಕ್ನೋಸೋಸ್, ಅಮ್ನಿಸೋಸ್ ಮೊದಲಾದ ಊರುಗಳ ಹೆಸರಿರಬಹುದೆಂದು ಊಹಿಸಿದಾಗ ಲಿಪಿ ಬಾಯಿಬಿಟ್ಟಿತು. ಅರ್ಥಕ್ಕೆ ಮೊದಲೇ ರಚನೆ ಸಿಗಬಲ್ಲದು, ರಚನೆಯಿಂದ ಅರ್ಥಕ್ಕೆ ದಾಟಲು ಊರಹೆಸರಿನಂಥ ಒಂದು ಗೂಟ ಬೇಕು: ಇವು ಆ ಇತಿಹಾಸದ ಎರಡು ಪಾಠಗಳು.

ಈ ಎರಡನೆಯ ಪಾಠ ಠಾಣೆಯಿಂದ ಕಲ್ಯಾಣಕ್ಕೆ ಹೋಗುವ ಲೋಕಲ್ ರೈಲಿನಲ್ಲಿ ದಿನವೂ ನಡೆಯುತ್ತದೆ. ‘ಪುಢೀಲ್ ಸ್ಟೇಷನ್ ಡೋಂಬಿವಲಿ, ಅಗ್ಲಾ ಸ್ಟೇಷನ್ ಡೋಂಬಿವಲಿ, ನೆಕ್ಸ್ಟ್ ಸ್ಟೇಷನ್ ಡೋಂಬಿವಲಿ’ ಎಂದು ಮರಾಠಿ, ಹಿಂದಿ, ಇಂಗ್ಲಿಷ್‌ಗಳಲ್ಲಿ ಬಿತ್ತರವಾಗುವ ಸೂಚನೆಯನ್ನು ಕಲಬುರಗಿಯಿಂದಲೋ ವಿಜಯಪುರದಿಂದಲೋ ಹೊಸದಾಗಿ ಬಂದು ನೆಲೆಸಿದ ಕನ್ನಡಿಗರು ಕೇಳಿದಾಗ, ಬದಲಾಗದೆ ಉಳಿಯುವ ಎರಡು ಪದಗಳ ಆಸರೆಯಿಂದ ಬದಲಾಗುವ ಮೂರು ಪದಗಳು ಸಮಾನಾರ್ಥಕವೆಂದು ಯಾರೂ ಹೇಳಿಕೊಡದೆ ತಿಳಿಯುತ್ತದೆ. ಮರುಗಳಿಗೆಯಲ್ಲಿ ಗಾಡಿ ನಿಂತು ಫಲಕದಲ್ಲಿ ಅದೇ ಹೆಸರು ಕಂಡಾಗ ಊಹೆ ಖಚಿತವಾಗುತ್ತದೆ. ಇಲ್ಲಿ ಕೆಲಸ ಮಾಡುವುದು ಎರಡು ಸಂಗತಿಗಳು: ಸ್ಥಿರವಾದ ಪದ ಮತ್ತು ಅದನ್ನು ದೃಢಪಡಿಸುವ ಹೊರಗಿನ ಘಟನೆ.

ವಾಯೇಜರ್ ಶುಭಾಶಯಗಳಲ್ಲಿ ಎರಡನೆಯದು ಇಲ್ಲ, ಏಕೆಂದರೆ ಮುದ್ರಿಕೆಯ ಚಿತ್ರಗಳು ಬೇರೆ, ಶುಭಾಶಯಗಳು ಬೇರೆ. ಯಾವ ವಾಕ್ಯ ಯಾವುದನ್ನು ಹೇಳುತ್ತದೆಂದು ತೋರಿಸುವ ಜೋಡಣೆ ಇಲ್ಲ. ಮೊದಲನೆಯದು ಇದೆಯೇ ಎಂಬುದೇ ವಿವಾದದ ಬಿಂದು. ಕನ್ನಡ ವಾಕ್ಯವೊಂದನ್ನೇ ಹಿಡಿದು ನೋಡಿದರೆ ಉತ್ತರ ‘ಇಲ್ಲ’. ಆದರೆ ಒಂಟಿ ಕಿವಿಗೆ ಸಿಗದ್ದು ಹಲವು ಕಿವಿಗಳ ಹೋಲಿಕೆಯಿಂದ ಸಿಗುತ್ತದೆಂಬುದನ್ನು ಕಲ್ಯಾಣವೇ ತೋರಿಸಿಕೊಟ್ಟಿದೆ. ಗೋವಿಂದ ಸ್ವರೂಪ್ ಅವರ ನೇತೃತ್ವದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು 1965ರಲ್ಲಿ ಅಲ್ಲಿ ಸ್ಥಾಪಿಸಿದ ಸೌರ ರೇಡಿಯೋ ದೂರದರ್ಶಕದಲ್ಲಿ, ಆಸ್ಟ್ರೇಲಿಯಾದಿಂದ ಬಂದ, 1.8 ಮೀಟರ್ ವ್ಯಾಸದ 32 ಡಿಶ್‌ಗಳಿದ್ದವು: 24 ಪೂರ್ವ–ಪಶ್ಚಿಮವಾಗಿ 630 ಮೀಟರ್ ಉದ್ದಕ್ಕೆ, 8 ಉತ್ತರ–ದಕ್ಷಿಣವಾಗಿ 256 ಮೀಟರ್ ಉದ್ದಕ್ಕೆ. 610 ಮೆಗಾಹರ್ಟ್ಸ್ ಆವರ್ತನದಲ್ಲಿ ಅಂಥ ಒಂದು ಡಿಶ್‌ಗೆ ಸೂರ್ಯ ಒಂದು ಬಿಂದುವಷ್ಟೇ. 32ರ ಸಂಕೇತಗಳನ್ನು ಕೂಡಿಸಿ ಹೋಲಿಸಿದಾಗ ಬಿಂಬದ ಯಾವ ಭಾಗದಿಂದ ಎಷ್ಟು ವಿಕಿರಣ ಬರುತ್ತಿದೆಯೆಂದು ಗೊತ್ತಾಗುತ್ತಿತ್ತು. ಇಂಟರ್‌ಫೆರೋಮೆಟ್ರಿ ಎಂಬ ಹೆಸರಿನ ಈ ವಿಧಾನವನ್ನು ವಾಕ್ಯಗಳಿಗೂ ಅನ್ವಯಿಸಬಹುದು.

ಹಾಗೆ ಹೋಲಿಸಿದಾಗ ಮೊದಲು ಎದ್ದುಬರುವುದು ‘ನಮಸ್’ ಎಂಬ ಧ್ವನಿಗುಚ್ಛ. ಕನ್ನಡ ಮತ್ತು ತೆಲುಗು ವಾಕ್ಯಗಳು ‘ನಮಸ್ತೆ’ ಎಂದು, ಮರಾಠಿ ಮತ್ತು ಬಂಗಾಳಿ ವಾಕ್ಯಗಳು ‘ನಮಸ್ಕಾರ’ ಎಂದು ಆರಂಭವಾಗುತ್ತವೆ; ಹಿಂದಿಯಲ್ಲಿ ‘ನಮಸ್ಕಾರ’ ವಾಕ್ಯದ ಕೊನೆಗೆ ಬರುತ್ತದೆ. ಒಂದೇ ಮೊದಲು, ಎರಡು ಕೊನೆಗಳು: ಇದು ಕೋಬರ್ ಹುಡುಕಿದಂಥದೇ ಗುಂಪು. ಹಿಂದಿಯ ಸ್ಥಾನಪಲ್ಲಟ ಇಲ್ಲಿ ಬಹಳ ಮುಖ್ಯ, ಏಕೆಂದರೆ ಐದೂ ವಾಕ್ಯಗಳಲ್ಲಿ ಅದು ಆರಂಭದಲ್ಲೇ ಇದ್ದಿದ್ದರೆ, ಸೂಚನೆಗೆ ಮುಂಚೆ ಮೊಳಗುವ ಗಂಟೆಯಂತೆ ಅದೊಂದು ಆರಂಭಚಿಹ್ನೆ ಎಂದು ಕೇಳುಗರು ತಳ್ಳಿಹಾಕಲು ಅವಕಾಶವಿತ್ತು.

ಎರಡನೆಯದು ‘ಶುಭ’. ಕನ್ನಡದ ‘ಶುಭಾಶಯಗಳು’, ತೆಲುಗಿನ ‘ಶುಭಾಕಾಂಕ್ಷಲು’, ಮರಾಠಿಯ ‘ಶುಭವಿಚಾರ’, ನೇಪಾಳಿಯ ‘ಶುಭಕಾಮನಾ’ ಇವುಗಳಲ್ಲಿ ಅದು ಮರಳಿ ಬರುತ್ತದೆ. ಕನ್ನಡ, ತೆಲುಗು, ಮರಾಠಿ ಮೂರರಲ್ಲಿ ಎರಡು ಗುಚ್ಛಗಳೂ ಇವೆ, ಮೂರರಲ್ಲೂ ‘ನಮಸ್’ ಮೊದಲು, ‘ಶುಭ’ ಆಮೇಲೆ. ವಾಕ್ಯ ‘ಶುಭ’ದ ಪದದಲ್ಲೇ ಮುಗಿದು, ಆ ಪದ ‘ಳು’ ಅಥವಾ ‘ಲು’ ಎಂದು ಕೊನೆಗೊಳ್ಳುವುದು ಈ ಮೂರರಲ್ಲಿ ಕನ್ನಡ ಮತ್ತು ತೆಲುಗಿನಲ್ಲಿ ಮಾತ್ರ. ಕನ್ನಡದ ‘ಗಳು’ ಮತ್ತು ತೆಲುಗಿನ ‘ಲು’ ಒಂದೇ ದ್ರಾವಿಡ ಮೂಲದ ಬಹುವಚನ ಪ್ರತ್ಯಯಗಳು. ತಮಿಳು, ಮಲಯಾಳಂಗಳಿಗೆ ಮುದ್ರಿಕೆಯಲ್ಲಿ ಸ್ಥಾನವಿಲ್ಲದ್ದರಿಂದ ದ್ರಾವಿಡ ಕುಲದ ಸಾಕ್ಷ್ಯವಾಗಿ ಉಳಿದಿರುವುದು ಈ ಎರಡು ವಾಕ್ಯಗಳೇ. ಆದ್ದರಿಂದ ಪ್ರಸ್ತುತ ಲೇಖನದ ಮುಖ್ಯ ಪ್ರತಿಪಾದನೆ ಇದು: ಅರ್ಥದ ಒಂದೆಳೆಯೂ ಸಿಗದ ಕೇಳುಗರಿಗೂ ಕನ್ನಡ ಮತ್ತು ತೆಲುಗು ಮರಾಠಿಯಿಂದ ಬೇರ್ಪಟ್ಟ ಒಂದು ಜೋಡಿ ಎಂದು ಕಾಣುವ ಸಾಧ್ಯತೆಯಿದೆ.

ಈ ಮಾತಿಗೆ ಹಲವು ಮಿತಿಗಳಿವೆ. ಮೊದಲನೆಯದಾಗಿ, ಎರಡೇ ಉದಾಹರಣೆಗಳ ಸಾಮ್ಯ ಆಕಸ್ಮಿಕವೂ ಆಗಿರಬಹುದು. ಕೋಬರ್ ಅವರ ಮುಂದೆ ಇದ್ದದ್ದು ನೂರಾರು ಪದಗಳು. ಎರಡನೆಯದಾಗಿ, ‘ಳು’ ಮತ್ತು ‘ಲು’ ಒಂದೇ ಧ್ವನಿಯಲ್ಲ, ಬಂಗಾಳಿಯಲ್ಲಿ ‘ನಮಸ್ಕಾರ’ದ ‘ಸ’ ಕೂಡ ‘ಶ’ದಂತೆ ಉಚ್ಚಾರವಾಗುತ್ತದೆ, ಯಾವ ವ್ಯತ್ಯಾಸವನ್ನು ಗಣಿಸಬೇಕು, ಯಾವುದನ್ನು ಬಿಡಬೇಕೆಂಬುದು ಮನುಷ್ಯರ ಬಾಯಿಯ ರಚನೆ ಗೊತ್ತಿದ್ದವರಿಗಷ್ಟೇ ಸುಲಭ. ಮೂರನೆಯದಾಗಿ, ಮತ್ತು ಇದೇ ಎಲ್ಲಕ್ಕಿಂತ ಗಂಭೀರವಾದದ್ದು, ‘ನಮಸ್’ ಮತ್ತು ‘ಶುಭ’ ಎರಡೂ ಸಂಸ್ಕೃತದಿಂದ ಕನ್ನಡಕ್ಕೂ ತೆಲುಗಿಗೂ ಬಂದ ಎರವಲುಗಳು. ಎರವಲು ಯಾವುದು, ಹುಟ್ಟಿನ ಸಂಬಂಧ ಯಾವುದು ಎಂದು ವಿಂಗಡಿಸಲು ಕೇಳುಗರಿಗೆ ದಾರಿಯಿಲ್ಲದ್ದರಿಂದ, ಅವರು ಸರಿಯಾದ ತೀರ್ಮಾನಕ್ಕೆ ಬಹುಮಟ್ಟಿಗೆ ತಪ್ಪು ಕಾರಣಗಳಿಂದ ತಲುಪಬಹುದು. ಕನ್ನಡ ವಾಕ್ಯದಲ್ಲಿ ಆಸರೆಗೆ ಒದಗುವುದು ಎರವಲು ಬಂದ ಭಾಗ. ‘ಕನ್ನಡಿಗರ’ ಎಂಬ, ಮಾತಾಡುವವರು ತಮ್ಮನ್ನು ಹೆಸರಿಸಿಕೊಂಡ ಪದ, ಹೋಲಿಕೆಗೆ ಜೊತೆಯಿಲ್ಲದೆ ಮೌನವಾಗಿ ಉಳಿಯುತ್ತದೆ.

ಲೋಕಲ್ ರೈಲಿನ ನಿದರ್ಶನ ಇನ್ನೊಂದು ಅಪಾಯವನ್ನೂ ಸೂಚಿಸುತ್ತದೆ. ಅಲ್ಲಿ ಮೂರು ಭಾಷೆಗಳಲ್ಲೂ ಬದಲಾಗದೆ ಉಳಿಯುವುದು ಊರಿನ ಹೆಸರು, ವೆಂಟ್ರಿಸ್‌ಗೆ ದಾರಿ ತೋರಿದ್ದೂ ಊರಿನ ಹೆಸರೇ. ಅದೇ ವಿಧಾನವನ್ನು ನಿಷ್ಠೆಯಿಂದ ಅನುಸರಿಸುವ ಅನ್ಯಲೋಕದ ವಿದ್ವಾಂಸರು ‘ನಮಸ್’ ಎಂಬುದು ಕಳುಹಿಸಿದವರ ಗ್ರಹದ ಹೆಸರೆಂದು ನಿರ್ಧರಿಸಿದರೆ ಅವರ ತರ್ಕದಲ್ಲಿ ಲೋಪ ತೋರಿಸುವುದು ಕಷ್ಟ. ಹೆಸರೂ ವಾಕ್ಯದ ಆದಿಯಲ್ಲಿ ಬರಬಹುದು, ಅಂತ್ಯದಲ್ಲೂ ಬರಬಹುದು. ಹಿಂದಿಯ ಸ್ಥಾನಪಲ್ಲಟ ಅದನ್ನು ಆರಂಭಚಿಹ್ನೆಯಿಂದ ಬೇರ್ಪಡಿಸುತ್ತದೆಯೇ ಹೊರತು ಹೆಸರಿನಿಂದಲ್ಲ. ‘ತೆ’, ‘ಕಾರ’ಗಳನ್ನು ಅವರು ಆ ಹೆಸರಿನ ವಿಭಕ್ತಿಗಳೆಂದೂ ಭಾವಿಸಬಹುದು.

ಒಟ್ಟಿನಲ್ಲಿ, ಕನ್ನಡ ವಾಕ್ಯ ಒಂಟಿಯಾಗಿ ಬಿಡಿಸಲಾಗದ್ದು, ನೆರೆಯ ಭಾಷೆಗಳ ಜೊತೆಯಲ್ಲಿ ಭಾಗಶಃ ರಚನೆ ತೋರುವಂಥದ್ದು ಎಂಬಷ್ಟನ್ನು ಸದ್ಯಕ್ಕೆ ಹೇಳಬಹುದು. ಇಲ್ಲಿನ ವಿವೇಚನೆ ಪದಗಳ ಲಿಖಿತ ರೂಪವನ್ನು ಆಧರಿಸಿದೆ. ಧ್ವನಿಯ ಏರಿಳಿತ, ನಡುವಿನ ನಿಲುಗಡೆ, ಒಬ್ಬೊಬ್ಬರ ಕಂಠದ ಗುಣ ಇವುಗಳನ್ನು ಅಳೆದು ನೋಡಿದರೆ ಈ ಜೋಡಿ ಇನ್ನಷ್ಟು ಗಟ್ಟಿಯಾಗುತ್ತದೆಯೋ ಕರಗುತ್ತದೆಯೋ ಎಂಬುದು ಮುಂದಿನ ಪರಿಶೀಲನೆಗೆ ಬಿಟ್ಟ ವಿಷಯ. ‘ನಮಸ್’ ವಂದನೆಯೋ ಹೆಸರೋ ಎಂಬುದನ್ನು ಮಾತ್ರ ಮುದ್ರಿಕೆಯೊಳಗಿನ ಯಾವ ಅಳತೆಯೂ ತೀರ್ಮಾನಿಸಲಾರದು; ಡೋಂಬಿವಲಿ ಫಲಕದಂಥ ಹೊರಗಿನ ಸಾಕ್ಷಿಯೊಂದು ಅದಕ್ಕೆ ಬೇಕು.