ಎಂಟಾಣೆಯ ನಾಯಿ

ಮುಂಬೈಯಲ್ಲಿ ಒಂದು ಕಾಲಕ್ಕೆ ಬೀದಿನಾಯಿಗೆ ಎಂಟಾಣೆ ಬೆಲೆಯಿತ್ತು, ಅದೂ ಸತ್ತ ಮೇಲೆ. 1832ರಲ್ಲಿ ಕಂಪನಿ ಸರ್ಕಾರದ ಪೊಲೀಸ್ ಮ್ಯಾಜಿಸ್ಟ್ರೇಟರು ಬೇಸಿಗೆಯಲ್ಲಿ ನಾಯಿ ಕೊಲ್ಲುವ ಅವಧಿಯನ್ನು ಜೂನ್ ಮಧ್ಯದವರೆಗೆ ಹಿಗ್ಗಿಸಿದರು. ಕೊಂದ ನಾಯಿಗೆ ತಲಾ ಎಂಟಾಣೆ ಇನಾಮು. ದುಡ್ಡಿನಾಸೆಗೆ ನಾಯಿ ಹಿಡಿಯುವವರು ಬೀದಿ ಬಿಟ್ಟು ಮನೆಗಳಿಗೂ ನುಗ್ಗತೊಡಗಿದರು.

ಜೂನ್ 6 ಪಾರ್ಸಿಗಳಿಗೆ ಪವಿತ್ರ ದಿನವಾಗಿತ್ತು. ಅವರ ಅಂತ್ಯಸಂಸ್ಕಾರದಲ್ಲಿ ಶವದ ಮೇಲೆ ನಾಯಿಯ ದೃಷ್ಟಿ ಬೀಳಬೇಕು. ಅದಕ್ಕೆ ‘ಸಗ್‌ದೀದ್’ ಎಂದು ಹೆಸರು. ಅಂದು ಕೋಟೆ ಪ್ರದೇಶದಲ್ಲಿ ಜನ ನಾಯಿ ಹಿಡಿಯುವವರ ಮೇಲೆ ತಿರುಗಿಬಿದ್ದರು. ಮರುದಿನ ಅಂಗಡಿಗಳು ಮುಚ್ಚಿದವು. ಹಿಂದೂಗಳು, ಜೈನರು, ಮುಸ್ಲಿಮರೂ ಜೊತೆಗೂಡಿದರು. ಕೋಟೆಯ ಸೈನಿಕರಿಗೆ ಹೋಗಬೇಕಿದ್ದ ಸಾಮಾನು ದಾರಿಯಲ್ಲೇ ನಿಂತಿತು. ಕೊನೆಗೆ ಸೈನ್ಯ ಬಂತು, ಹಲವರ ಬಂಧನವಾಯಿತು.

ಗಲಾಟೆ ಅಡಗಿದರೂ ಒಂದು ಪ್ರಶ್ನೆ ಉಳಿಯಿತು. ಕೊಲ್ಲಬಾರದು ಸರಿ, ಇಡುವುದೆಲ್ಲಿ? 1834ರಲ್ಲಿ ಜಮ್‌ಷೆಟ್‌ಜಿ ಜೀಜೀಭಾಯ್ ಮತ್ತು ಅಮೀಚಂದ್ ಶಾ ಸೇರಿ ಸ್ಥಾಪಿಸಿದ ಪಾಂಜರಾಪೋಳ ಅದಕ್ಕೊಂದು ಉತ್ತರ. ಭುಲೇಶ್ವರದ ಗಿಜಿಗುಡುವ ಗಲ್ಲಿಗಳ ನಡುವೆ ಅದು ಇಂದಿಗೂ ಇದೆ. ಈಗ ಅಲ್ಲಿರುವುದು ಹೆಚ್ಚಾಗಿ ದನಗಳು.

ಆದರೂ ನಗರಪಾಲಿಕೆಗಳು ನಾಯಿ ಕೊಲ್ಲುವುದನ್ನು ಇಪ್ಪತ್ತನೇ ಶತಮಾನದ ಕೊನೆಯವರೆಗೂ ಬಿಡಲಿಲ್ಲ. ಚೆನ್ನೈನ ಬ್ಲೂ ಕ್ರಾಸ್ 1964ರಿಂದಲೇ ಸಂತಾನಹರಣದ ಪರ ವಾದಿಸುತ್ತಿತ್ತು. ಒಂದು ಬೀದಿಯ ನಾಯಿಗಳನ್ನು ಕೊಂದರೆ, ಅಲ್ಲಿ ಕಸ, ಎಂಜಲು ಸಿಗುವವರೆಗೂ ಬೇರೆ ನಾಯಿಗಳು ಬಂದು ಸೇರುತ್ತವೆ ಎಂಬುದು ಅದರ ತರ್ಕ. 1996ರಲ್ಲಿ ಚೆನ್ನೈ ಪಾಲಿಕೆ ಈ ಕೆಲಸಕ್ಕೆ ಕೈಜೋಡಿಸಿತು. 2001ರಲ್ಲಿ ದೇಶಕ್ಕೆಲ್ಲ ನಿಯಮ ಬಂತು: ಹಿಡಿ, ಸಂತಾನಹರಣ ಮಾಡು, ರೇಬಿಸ್ ಲಸಿಕೆ ಹಾಕು, ಹಿಡಿದಲ್ಲೇ ಬಿಡು.

ಈ ನಿಯಮ ಬೆಳೆದ, ಗಟ್ಟಿಮುಟ್ಟಾದ ನಾಯಿಗೆ ಸರಿ. ತಾಯಿ ಲಾರಿಯಡಿ ಸಿಕ್ಕ ಮರಿ, ಕಾಲು ಮುರಿದದ್ದು, ಯಾರೋ ಸಾಕಿ ಹೈವೇಯಲ್ಲಿ ಬಿಟ್ಟುಹೋದ ಲ್ಯಾಬ್ರಡಾರ್, ಇವುಗಳನ್ನು ಎಲ್ಲಿಗೆ ಬಿಡುವುದು? ತುಂಬಿ ತುಳುಕುವ ಶೆಲ್ಟರಿನಲ್ಲಿ ಪಾರ್ವೊ, ಡಿಸ್ಟೆಂಪರ್ ಹೊಕ್ಕರೆ ಮರಿಗಳು ಸಾಲಾಗಿ ಸಾಯುತ್ತವೆ. ಬದುಕಿದರೂ ಇನ್ನೊಂದು ನಷ್ಟವಿದೆ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ವರ್ಷಗಟ್ಟಲೆ ನಾಯಿಮರಿಗಳನ್ನು ಗಮನಿಸಿ 1965ರಲ್ಲಿ ಒಂದು ಪುಸ್ತಕ ಬರೆದರು. ಮರಿಗೆ ಸುಮಾರು ಮೂರರಿಂದ ಹನ್ನೆರಡು ವಾರದ ನಡುವೆ ಮನುಷ್ಯರ ಒಡನಾಟ ಸಿಗಬೇಕು. ಸಿಗದಿದ್ದರೆ ಅಂಜಿಕೆ ಜೀವನವಿಡೀ ಉಳಿಯಬಹುದು ಎಂಬುದು ಅವರು ಕಂಡುಕೊಂಡ ಮುಖ್ಯ ಸಂಗತಿ. ಅಂಜುವ ನಾಯಿಯನ್ನು ದತ್ತು ಪಡೆಯುವವರು ಕಡಿಮೆ, ಅದು ಕಚ್ಚುವ ಸಂಭವ ಹೆಚ್ಚು.

ಫಾಸ್ಟರ್ ಮನೆ ಹುಟ್ಟಿದ್ದು ಈ ಸಂದಿನಲ್ಲಿ. ಬೀದಿಗೂ ಕಾಯಂ ಮನೆಗೂ ನಡುವೆ ಕೆಲವು ವಾರ ಒಂದು ಬಾಲ್ಕನಿ, ಒಂದು ಹಳೆ ಬೆಡ್‌ಶೀಟು, ಹೊತ್ತುಹೊತ್ತಿಗೆ ಅನ್ನ, ಜಂತುಹುಳದ ಔಷಧಿ, ಲಸಿಕೆ. ಕುಕ್ಕರ್ ಸೀಟಿಗೆ, ಕಾಲಿಂಗ್ ಬೆಲ್ಲಿಗೆ ಬೆಚ್ಚದಂತೆ ರೂಢಿ. ನಮ್ಮ ಎರಡು ಬೆಡ್‌ರೂಮಿನ ಬಾಡಿಗೆ ಮನೆಗೆ ಇದುವರೆಗೆ ನಾಲ್ಕು ಮರಿಗಳು ಬಂದುಹೋಗಿವೆ. ಕಳಿಸಿಕೊಡುವ ದಿನ ಮಗಳು ಊಟ ಬಿಡುತ್ತಾಳೆ, ಅದು ಸುಳ್ಳಲ್ಲ. ಆದರೆ ನಾವು ಒಂದನ್ನು ಕಾಯಂ ಇಟ್ಟುಕೊಂಡಿದ್ದರೆ ಉಳಿದ ಮೂರಕ್ಕೆ ಜಾಗವೇ ಇರುತ್ತಿರಲಿಲ್ಲ.

2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ದೆಹಲಿ ಪ್ರದೇಶದ ಬೀದಿನಾಯಿಗಳನ್ನು ಶೆಲ್ಟರಿಗೆ ಸೇರಿಸಲು ಹೇಳಿತು. 22ರಂದು ಆದೇಶ ಬದಲಾಯಿತು: ರೇಬಿಸ್ ಇರುವ, ಮೈಮೇಲೆ ಬೀಳುವ ನಾಯಿಗಳ ಹೊರತು ಉಳಿದವನ್ನು ಲಸಿಕೆ, ಸಂತಾನಹರಣದ ನಂತರ ಹಿಡಿದಲ್ಲೇ ಬಿಡಬೇಕು. ನಾಯಿ ಕಚ್ಚಿದ ಮಗುವಿನ ತಾಯಿಯ ಸಿಟ್ಟೂ ನ್ಯಾಯವೇ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆನ್ನುವಷ್ಟು ಅಪರೂಪ. ಹಾಗಾಗಿ ಈ ಜಗಳ ಬೇಗ ಮುಗಿಯದು.

ಆದರೆ ‘ಇಡುವುದೆಲ್ಲಿ’ ಎಂಬ 1832ರ ಪ್ರಶ್ನೆಗೆ ಕೋರ್ಟು, ಪಾಲಿಕೆಗಳಷ್ಟೇ ಉತ್ತರ ಕೊಡಬೇಕಿಲ್ಲ. ಹನ್ನೊಂದು ತಿಂಗಳ ಅಗ್ರಿಮೆಂಟಿನ ಮೇಲೆ ಬದುಕುವ ನಮ್ಮಂಥವರು ‘ನಾಳೆ ಯಾವ ಊರೋ, ನಾಯಿ ಹೇಗೆ ಸಾಕೋದು’ ಎನ್ನುತ್ತೇವೆ. ಈ ಮರಿಗೆ ಬೇಕಿರುವುದು ಹನ್ನೊಂದು ತಿಂಗಳೂ ಅಲ್ಲ, ಆರೇಳು ವಾರ. ಮನೆ ಓನರನ್ನು ಒಂದು ಮಾತು ಕೇಳಿ ನೋಡಬಹುದು.