ಮಾರಿಸ್ ಮೈನರ್ ಕಾರಿನ ಕಡಲಾಚೆಯ ಬಂಧುಗಳು

ಬಹಳ ವರ್ಷಗಳ ಹಿಂದೆ ನನ್ನಲ್ಲಿ ಇತಿಹಾಸ ಕಲಿತ ಶಿಷ್ಯನೊಬ್ಬ ಈಗ ಆಸ್ಟ್ರೇಲಿಯದಲ್ಲಿ ನೆಲೆಸಿದ್ದಾನೆ. ಹಳೆಯ ಮಾರಿಸ್ ಮೈನರ್ ಕಾರೊಂದನ್ನು ಕೊಂಡು, ಇಂಗ್ಲೆಂಡಿನಲ್ಲಿರುವ ಆ ಕಾರಿನ ಮಾಲೀಕರ ಸಂಘಕ್ಕೆ ಸದಸ್ಯನಾಗಿರುವುದಾಗಿ ಈಚೆಗೆ ಬರೆದಿದ್ದ. ಪತ್ರದ ಕೊನೆಗೊಂದು ಪ್ರಶ್ನೆಯಿತ್ತು: “ಮೇಷ್ಟ್ರೇ, ಕಾರು ಅವರದು, ಸಂಘವೂ ಅವರದು. ನಮ್ಮಂಥ ಹೊರಗಿನವರಿಗೆ ಅಲ್ಲಿ ಏನು ಹಕ್ಕಿದೆ?”

ಒಂದು ಸಾಲಿನಲ್ಲಿ ಉತ್ತರಿಸಬಹುದಾದ ಪ್ರಶ್ನೆ ಇದಲ್ಲ. ಆದ್ದರಿಂದ ಅವನಿಗೆ ಬರೆದುದನ್ನೇ ತುಸು ವಿಸ್ತರಿಸಿ ಇಲ್ಲಿ ಕೊಡುತ್ತಿದ್ದೇನೆ.

ಮೊದಲಿಗೆ, ಆ ಕಾರನ್ನು ರೂಪಿಸಿದವನೇ ಕಡಲು ದಾಟಿ ಬಂದವನು. ಅಲೆಕ್ ಇಸಿಗೋನಿಸ್ ಹುಟ್ಟಿದ್ದು 1906ರಲ್ಲಿ, ಇಂದು ಟರ್ಕಿಯ ಇಜ್ಮಿರ್ ಎನಿಸಿರುವ ಸ್ಮಿರ್ನಾ ಪಟ್ಟಣದಲ್ಲಿ. 1922ರಲ್ಲಿ ಯುದ್ಧದ ಬೆಂಕಿ ಆ ಊರನ್ನು ನುಂಗಿದಾಗ ಅವನ ಕುಟುಂಬ ಎಲ್ಲವನ್ನೂ ತೊರೆದು ಹಡಗು ಹತ್ತಬೇಕಾಯಿತು. ತಂದೆ ತೀರಿಕೊಂಡರು. ತಾಯಿಯೊಡನೆ ಇಂಗ್ಲೆಂಡ್ ಸೇರಿದ ಆ ಹುಡುಗನೇ ಮುಂದೆ ಮಾರಿಸ್ ಕಂಪನಿಯ ಎಂಜಿನಿಯರನಾಗಿ, ಸಾಮಾನ್ಯ ಸಂಸಾರಗಳಿಗೆ ಎಟುಕುವಂಥ ಸಣ್ಣ ಕಾರಿನ ಕನಸು ಕಂಡನು.

ಕಂಪನಿಯ ಒಡೆಯ ಲಾರ್ಡ್ ನಫೀಲ್ಡನಿಗೆ ಅದರ ರೂಪ ಹಿಡಿಸಲಿಲ್ಲ. ಒಡೆದು ನೀರಿನಲ್ಲಿ ಬೇಯಿಸಿದ ಮೊಟ್ಟೆಯಂತಿದೆ ಎಂದು ಆತ ಹಳಿದನಂತೆ. ಇಸಿಗೋನಿಸನಿಗೂ ಸಮಾಧಾನವಿರಲಿಲ್ಲ, ಕಾರು ತೀರ ಕಿರಿದಾಗಿದೆ ಎನ್ನಿಸಿ, ಮಾದರಿಯನ್ನು ಉದ್ದಕ್ಕೆ ಎರಡಾಗಿ ಕೊಯ್ಯಿಸಿ, ಹೋಳುಗಳನ್ನು ಸರಿಸಿ ನೋಡಿ, ನಾಲ್ಕು ಅಂಗುಲ ಅಗಲಗೊಳಿಸಿದನು. ಆ ವೇಳೆಗಾಗಲೇ ತಯಾರಾಗಿದ್ದ ಬಂಪರುಗಳನ್ನು ನಡುವೆ ಕತ್ತರಿಸಿ ತೇಪೆ ಹಾಕಬೇಕಾಯಿತು. ಆರಂಭದ ಕಾರುಗಳ ಬಂಪರಿನ ನಡುವೆ ಕಾಣುವ ಆ ಜೋಡಣೆ ಈ ಸಾಹಸದ ಗುರುತು.

1948ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಕಾರು ಬೆಳಕು ಕಂಡಿತು. ಅದು ಮಹಾಯುದ್ಧದಿಂದ ಬ್ರಿಟನ್ ಬಡವಾಗಿದ್ದ ಕಾಲ. ವಿದೇಶಕ್ಕೆ ಮಾಲು ಕಳುಹಿಸುವ ಕಾರ್ಖಾನೆಗಳಿಗೇ ಉಕ್ಕು ಎಂಬುದು ಸರ್ಕಾರದ ನೀತಿ. ಹೀಗಾಗಿ ಮೊದಲ ವರ್ಷಗಳ ಮೈನರುಗಳಲ್ಲಿ ಬಹುಪಾಲು ಹಡಗೇರಿ ಆಸ್ಟ್ರೇಲಿಯ, ಸಿಲೋನ್, ಅಮೆರಿಕ ಮೊದಲಾದ ದೇಶಗಳಿಗೆ ಹೋದವು. ಸ್ವದೇಶದವರು ಸರದಿಯಲ್ಲಿ ಕಾದರು. ಮೊದಲು ಮುಂಭಾಗದ ಜಾಲರಿಯೊಳಗೆ ತಗ್ಗಿನಲ್ಲಿದ್ದ ದೀಪಗಳು ಆಮೇಲೆ ಮಡ್‌ಗಾರ್ಡುಗಳ ಮೇಲಕ್ಕೆ ಏರಿದ್ದು ಅಮೆರಿಕದ ಕಾನೂನಿಗೆ ತಲೆಬಾಗಿ. ನಾವು ಇಂದು ಗುರುತಿಸುವ ಅದರ ಮುಖವೇ ಹೊರನಾಡಿನ ಕೊಡುಗೆಯೆಂದರೆ ತಪ್ಪಲ್ಲ. 1960ರ ಕೊನೆಗೆ ಹತ್ತು ಲಕ್ಷದ ಗಡಿ ಮುಟ್ಟಿದ ಮೊದಲ ಬ್ರಿಟಿಷ್ ಕಾರು ಇದು. 1971ರಲ್ಲಿ ಅಲ್ಲಿನ ತಯಾರಿಕೆ ನಿಂತಾಗ ಒಟ್ಟು ಸಂಖ್ಯೆ ಹದಿನಾರು ಲಕ್ಷವನ್ನು ಮೀರಿತ್ತು.

ಭಾರತಕ್ಕೂ ಅದು ಬಂದಿತ್ತು. ಹಿಂದುಸ್ತಾನ್ ಮೋಟಾರ್ಸ್ ಇದನ್ನೇ ‘ಬೇಬಿ ಹಿಂದುಸ್ತಾನ್’ ಎಂಬ ಹೆಸರಿನಲ್ಲಿ ಮಾರಿತು. ನಮ್ಮೂರಿನ ಡಾಕ್ಟರರ ಬಳಿ ಒಂದು ಮೈನರ್ ಇತ್ತು. ಕೀಲಿ ತಿರುಗಿಸಿದೊಡನೆ ಅದರ ಪೆಟ್ರೋಲ್ ಪಂಪು ‘ಟಿಕ್ ಟಿಕ್’ ಎನ್ನುತ್ತಿದ್ದುದನ್ನು ಕೇಳಲೆಂದೇ ನಾವು ಹುಡುಗರು ಬೇಲಿಯ ಬಳಿ ನಿಲ್ಲುತ್ತಿದ್ದೆವು.

ಕಾರ್ಖಾನೆ ನಿಂತ ಮೇಲೆ ಏನಾಯಿತು? ಮೈನರಿಗೆ ಪ್ರತ್ಯೇಕ ಚೌಕಟ್ಟಿಲ್ಲ. ತಗಡಿನ ಮೈಯೇ ಅದರ ಅಸ್ಥಿಪಂಜರ. ಇಂಗ್ಲೆಂಡಿನ ತೇವ ಹವೆ, ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪು, ಎರಡೂ ಸೇರಿ ಆ ತಗಡನ್ನು ತಿಂದುಹಾಕತೊಡಗಿದವು. ತುಕ್ಕು ಹಿಡಿದ ಕಾರು ವಾರ್ಷಿಕ ತಪಾಸಣೆಯಲ್ಲಿ ಪಾಸಾಗದೆ ಗುಜರಿ ಸೇರುತ್ತಿತ್ತು. ಈ ನಾಶವನ್ನು ಕಂಡು ಮರುಗಿದವರು 1976ರಲ್ಲಿ ಮಾಲೀಕರ ಸಂಘವನ್ನು ಕಟ್ಟಿದರು. ಸಂಘ ‘ಮೈನರ್ ಮ್ಯಾಟರ್ಸ್’ ಎಂಬ ಪತ್ರಿಕೆಯನ್ನು ಹೊರತರುತ್ತದೆ. ಮುಂಗಾಲಿ ಕೀಲಿಗೆ ಗ್ರೀಸ್ ಹಚ್ಚಲು ಮರೆತರೆ ಚಕ್ರವೇ ಕಳಚಿ ಮಡಚಿಕೊಳ್ಳುತ್ತದೆ ಎಂಬಂಥ ಎಚ್ಚರಿಕೆಗಳು ಒಬ್ಬ ಮಾಲೀಕನಿಂದ ಇನ್ನೊಬ್ಬನಿಗೆ ದಾಟಿದ್ದು ಇಂಥ ಕೂಟಗಳಿಂದಲೇ.

ಇದೇ ದಶಕದಲ್ಲಿ ಬಾತ್ ನಗರದ ಚಾರ್ಲ್ಸ್ ವೇರ್ ಎಂಬಾತ ಮೈನರುಗಳ ದುರಸ್ತಿಗೆಂದೇ ಕೇಂದ್ರವೊಂದನ್ನು ತೆರೆದನು. ಕಾರನ್ನು ಮನೆಯಂತೆ ಆಗಾಗ ರಿಪೇರಿ ಮಾಡಿಸಿ ಬಹುಕಾಲ ಬಾಳಿಸಬೇಕು, ಹಳತಾಯಿತೆಂದು ಎಸೆಯಬಾರದು ಎಂಬುದು ಅವನ ವಾದ. ಆದರೆ ಅದಕ್ಕೆ ಹೊಸ ತಗಡಿನ ಭಾಗಗಳು ಬೇಕಲ್ಲ! ಅವು ದೊರೆತದ್ದು ಶ್ರೀಲಂಕೆಯಲ್ಲಿ.

1960-70ರ ದಶಕಗಳಲ್ಲಿ ಅಲ್ಲಿ ಆಮದಿನ ಮೇಲೆ ಕಟ್ಟುನಿಟ್ಟಿನ ನಿರ್ಬಂಧವಿತ್ತು. ಹೊಸ ಕಾರು ಬರುವಂತಿಲ್ಲ, ಬಿಡಿಭಾಗವೂ ದುರ್ಲಭ. ಆದ್ದರಿಂದ ಇದ್ದ ಮೈನರುಗಳನ್ನೇ ಸುತ್ತಿಗೆಯಿಂದ ಬಡಿದು, ಬೆಸೆದು, ಓಡಿಸುವ ವಿದ್ಯೆ ಅಲ್ಲಿನ ಕುಶಲಕರ್ಮಿಗಳ ಕೈಯಲ್ಲಿ ಪಳಗಿತು. 1990ರ ದಶಕದಲ್ಲಿ ವೇರ್ ಆ ದ್ವೀಪದವರೊಡನೆ ಸೇರಿ ಅಲ್ಲಿಯೇ ಮೈನರಿನ ಭಾಗಗಳನ್ನು ತಯಾರಿಸುವ ಏರ್ಪಾಡು ಮಾಡಿದನು. ನಲವತ್ತು ವರ್ಷಗಳ ಹಿಂದೆ ಇಂಗ್ಲೆಂಡಿನಿಂದ ಸಿಲೋನಿಗೆ ಕಾರು ಹೊತ್ತು ಬಂದ ಕಡಲ ದಾರಿಯಲ್ಲೇ, ಈಗ ಲಂಕೆಯಿಂದ ಇಂಗ್ಲೆಂಡಿಗೆ ಅದರ ಅಂಗಾಂಗಗಳು ಸಾಗಿದವು. ಒಂದು ಕಾಲದ ವಸಾಹತು ಒಡೆಯನ ನಾಡಿನ ಕಾರನ್ನು ಉಳಿಸಿಕೊಟ್ಟಿತು. ತರಗತಿಯಲ್ಲಿ ಸಾಮ್ರಾಜ್ಯದ ಪಾಠ ಮಾಡುವಾಗ ಈ ಪ್ರಸಂಗ ನನಗೆ ತಿಳಿದಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸುತ್ತದೆ.

ಆದುದರಿಂದ ಶಿಷ್ಯನೇ, ಆ ಸಂಘಕ್ಕೆ ನೀನು ಅತಿಥಿಯಾಗಿ ಹೋಗಿಲ್ಲ. ಕೊರತೆಯ ನಾಡಿನವರಿಗೆ ದುರಸ್ತಿ ಗೊತ್ತು, ಒಣ ಹವೆಯ ನಾಡಿನಲ್ಲಿ ತುಕ್ಕಿಲ್ಲದ ಕಾರು ಉಳಿಯುತ್ತದೆ, ಹುಟ್ಟೂರಿನಲ್ಲಿ ಮೂಲ ದಾಖಲೆಗಳಿವೆ. ಮೂರೂ ಕೂಡಿದರೆ ಮಾತ್ರ ಯಂತ್ರ ಬದುಕುತ್ತದೆ.

ಇನ್ನೊಂದು ಮಾತು. ಮಾರಿಸ್ ಆಕ್ಸ್‌ಫರ್ಡಿನ ಮಗಳಾದ ನಮ್ಮ ಅಂಬಾಸಿಡರಿನ ತಯಾರಿಕೆ 2014ರಲ್ಲಿ ನಿಂತಿತು. ಶಬ್ದ ಕೇಳಿಯೇ ಅದರ ರೋಗ ಹೇಳುತ್ತಿದ್ದ ಮೆಕ್ಯಾನಿಕ್ಕುಗಳು ನಮ್ಮ ಪ್ರತಿ ಪೇಟೆಯಲ್ಲೂ ಇದ್ದರು. ಅವರಲ್ಲಿ ಹಲವರು ಈಗ ನನ್ನಂತೆಯೇ ಮುದುಕರು. ನಿಮ್ಮಲ್ಲಿ ಯಾರಿಗಾದರೂ ಅಂಥವರ ಪರಿಚಯವಿದ್ದರೆ, ಒಮ್ಮೆ ಹೋಗಿ ಕುಳಿತು, ಅವರು ಹೇಳಿದ್ದನ್ನು ಬರೆದುಕೊಳ್ಳಿ. ತಗಡನ್ನು ಮತ್ತೆ ಬಡಿಯಬಹುದು. ಅದನ್ನು ಬಡಿಯುವ ಬಗೆ ಒಮ್ಮೆ ಮರೆತುಹೋದರೆ ಮತ್ತೆ ಯಾರನ್ನು ಕೇಳುವುದು?